ಒಂದು ನಿವೇಶನ, ಒಂದು ಸಂಸಾರ

ವಾಚನಾಲಯದಲ್ಲಿ ಸಾಯಂಕಾಲ ಪತ್ರಿಕೆ ಮಡಿಸಿಟ್ಟ ಮೇಲೆ ನಮ್ಮವರಲ್ಲಿ ನಡೆಯುವ ಮಾತು ಬಹುಮಟ್ಟಿಗೆ ಮನೆಯದೇ. ಚಾಳಿನ ಒಂದು ಕೋಣೆಯಲ್ಲಿ ವರ್ಷಗಟ್ಟಲೆ ಕಳೆದವರಿಗೆ ಅಂಗಳ, ತುಳಸಿಕಟ್ಟೆಗಳುಳ್ಳ ಸಣ್ಣ ಮನೆಯ ಆಸೆ ಸಹಜವಾದದ್ದು. ಪ್ರಾವಿಡೆಂಟ್ ಫಂಡಿನ ಹಣ ಕೈಗೆ ಬರುವ ಹೊತ್ತಿಗೆ ಕಲ್ಯಾಣದಾಚೆ ಎರಡು ಗುಂಟೆ ಜಾಗ ತೋರಿಸುವ ದಲ್ಲಾಳಿಯೂ ಹಾಜರಾಗುತ್ತಾನೆ. ಜಾಗ ಕೊಳ್ಳುವುದು ಒಂದು ಮಾತು, ಅಲ್ಲಿ ಮನೆ ಕಟ್ಟಬಹುದೆ ಎಂಬುದು ಇನ್ನೊಂದು ಮಾತು. ಈ ಎರಡನೆಯದನ್ನು ಬಿಡಿಸಿ ಹೇಳಲು ಯತ್ನಿಸುತ್ತೇವೆ.

ಭೂಮಿ ನಮ್ಮದಾದರೂ ಅದರ ಉಪಯೋಗವನ್ನು ಊರು ನಿಶ್ಚಯಿಸುತ್ತದೆ. ಮಹಾರಾಷ್ಟ್ರದಲ್ಲಿ ಇದಕ್ಕೆ ಆಧಾರ 1966ರ ಪ್ರಾದೇಶಿಕ ಹಾಗೂ ನಗರ ರಚನಾ ಕಾಯಿದೆ. ಇದರಂತೆ ಪ್ರತಿ ನಗರವೂ ಅಭಿವೃದ್ಧಿ ನಕ್ಷೆಯೊಂದನ್ನು ಸಿದ್ಧಪಡಿಸಿ, ವಾಸ, ವ್ಯಾಪಾರ, ಕಾರಖಾನೆ, ಬೇಸಾಯ ಎಂದು ವಲಯಗಳನ್ನು ಗುರುತಿಸಬೇಕು. ಶಾಲೆ, ಆಟದ ಬಯಲು, ರಸ್ತೆಗಳಿಗೆ ಜಾಗವನ್ನು ಕಾದಿರಿಸಬೇಕು. ಅಮೆರಿಕದ ಕೆಲವು ಪ್ರದೇಶಗಳಲ್ಲಿ ಒಂದು ನಿವೇಶನದಲ್ಲಿ ಒಂದೇ ಸಂಸಾರದ ಮನೆ ಎಂಬ ಕಟ್ಟುಪಾಡೇ ಉಂಟು; ಕ್ಯಾಲಿಫೋರ್ನಿಯದ ಬರ್ಕ್ಲಿ ಪಟ್ಟಣ 1916ರಲ್ಲಿಯೇ ಅಂಥ ನಿಯಮ ತಂದಿತು. ನಮ್ಮ ಕಡೆ ಹಾಗಲ್ಲ. ವಾಸದ ವಲಯದಲ್ಲಿ ಬಂಗಲೆಯೂ ಆಗಬಹುದು, ಹಲವು ಮಹಡಿಯ ಕಟ್ಟಡವೂ ಆಗಬಹುದು.

ಎಷ್ಟು ಕಟ್ಟಬಹುದೆಂಬುದನ್ನು ಹೇಳುವ ಲೆಕ್ಕವೇ ಎಫ್.ಎಸ್.ಐ. ನಿವೇಶನ 1,000 ಚದರ ಅಡಿ, ಎಫ್.ಎಸ್.ಐ. ಒಂದು ಎಂದಾದರೆ, ಎಲ್ಲ ಮಹಡಿಗಳೂ ಕೂಡಿ 1,000 ಚದರ ಅಡಿ ಮೀರಬಾರದು. ಎಫ್.ಎಸ್.ಐ. ಏರಿದಂತೆ ಆ ನೆಲದ ಮೇಲೆ ಹೆಚ್ಚು ಫ್ಲ್ಯಾಟುಗಳು ಹಿಡಿಸುತ್ತವೆ, ನೆಲದ ಬೆಲೆಯೂ ಏರುತ್ತದೆ. ಠಾಣೆ, ಡೊಂಬಿವಲಿಗಳಲ್ಲಿ ಹಳೆಯ ಬಂಗಲೆಗಳು ಒಂದೊಂದಾಗಿ ಮಾಯವಾದುದಕ್ಕೆ ಇದು ಮುಖ್ಯ ಕಾರಣ.

ಬಡವನಿಗೂ ನೆಲದ ಮೇಲಿನ ಮನೆ ಸಾಧ್ಯವೆಂದು ತೋರಿಸಿದ ಪ್ರಯೋಗವೊಂದು ನಮ್ಮ ಸಮೀಪದಲ್ಲೇ ಇದೆ. ನವಿ ಮುಂಬಯಿಯನ್ನು ಕಟ್ಟಲು 1970ರಲ್ಲಿ ಹುಟ್ಟಿದ ಸಿಡ್ಕೋ ಸಂಸ್ಥೆಗಾಗಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ 1980ರ ದಶಕದಲ್ಲಿ ಬೇಲಾಪುರದ ಆರ್ಟಿಸ್ಟ್ಸ್ ವಿಲೇಜ್ ರಚಿಸಿದರು. ಅಲ್ಲಿನ ನಿವೇಶನಗಳು ಕೇವಲ 45ರಿಂದ 75 ಚದರ ಮೀಟರಿನವು. ಏಳು ಮನೆಗಳಿಗೆ ಒಂದು ಅಂಗಳ. ಒಂದು ಮನೆಯ ಗೋಡೆ ಇನ್ನೊಂದಕ್ಕೆ ತಾಗದು. ಆದ್ದರಿಂದ ಕೈಯಲ್ಲಿ ಕಾಸಾದಾಗ ನೆರೆಯವರನ್ನು ಕೇಳದೆ ಇನ್ನೊಂದು ಕೋಣೆ ಸೇರಿಸಿಕೊಳ್ಳಬಹುದಾಗಿತ್ತು. ಕಾಲಕ್ರಮದಲ್ಲಿ ಅನೇಕರು ಹೆಂಚಿನ ಮನೆ ಕೆಡವಿ ಕಾಂಕ್ರೀಟಿನ ಮಹಡಿ ಎಬ್ಬಿಸಿದ್ದಾರೆ. ಆದರೂ ಅಂಗಳಗಳು ಉಳಿದಿವೆ. ಒಮ್ಮೆ ಹೋಗಿ ನೋಡುವಂತಹ ಜಾಗ.

ವಲಯಗಳ ಗೆರೆ ಬರೀ ಕಾಗದದ ವಿಷಯವಲ್ಲ. ಡೊಂಬಿವಲಿಯ ಎಂ.ಐ.ಡಿ.ಸಿ.ಯಲ್ಲಿ ಕಾರಖಾನೆ ಒಂದು ಕಡೆ, ಬಂಗಲೆಗಳ ವಸತಿ ಒಂದು ಕಡೆ ಎಂದು ವಿಭಾಗವಿದೆ. ಆದರೆ ಊರು ಬೆಳೆದು ಇವೆರಡರ ನಡುವಣ ಅಂತರ ಕಿರಿದಾಯಿತು. 2016ರ ಮೇ ತಿಂಗಳಲ್ಲಿಯೂ 2024ರ ಮೇ ತಿಂಗಳಲ್ಲಿಯೂ ರಾಸಾಯನಿಕ ಕಾರಖಾನೆಗಳಲ್ಲಿ ಸ್ಫೋಟವಾಗಿ ಜೀವಹಾನಿಯಾಯಿತು. ಸುತ್ತಲಿನ ಮನೆಗಳ ಗಾಜುಗಳು ಒಡೆದವು.

ಸುಳ್ಳು ಕಾಗದದ ಪೆಟ್ಟು ಇನ್ನೊಂದು ಬಗೆಯದು. ಡೊಂಬಿವಲಿ ಸುತ್ತಮುತ್ತ 65 ಕಟ್ಟಡಗಳು ಖೊಟ್ಟಿ ಪರವಾನಗಿ ತೋರಿಸಿ ಮಹಾರೇರಾ ನೋಂದಣಿಯನ್ನೂ ಪಡೆದಿದ್ದವು. ಅವನ್ನು ಕೆಡವಬೇಕೆಂದು ಮುಂಬಯಿ ಹೈಕೋರ್ಟು 2024ರ ನವೆಂಬರಿನಲ್ಲಿ ಆಜ್ಞೆ ಮಾಡಿತು. ಸಾಲ ಮಾಡಿ ಮನೆ ಕೊಂಡ ಸಂಸಾರಗಳ ಪಾಡನ್ನು ಊಹಿಸಬಹುದು. 2013ರ ಏಪ್ರಿಲ್ 4ರಂದು ಮುಂಬ್ರಾ ಬಳಿಯ ಶಿಳ್‌ನಲ್ಲಿ ಅನಧಿಕೃತ ಕಟ್ಟಡ ಕುಸಿದು 74 ಜನ ಸತ್ತುದನ್ನು ನಾವು ಮರೆಯಲಾಗದು.

ಆದ್ದರಿಂದ ಮುಂಗಡ ಕೊಡುವ ಮೊದಲು ನಾಲ್ಕು ಕೆಲಸ ಮಾಡೋಣ. ಮೊದಲನೆಯದು, ಸಾತ್-ಬಾರಾ ಉತಾರೆ ನೋಡುವುದು. ಇದು ನಮ್ಮ ಧಾರವಾಡ, ವಿಜಾಪುರದವರ ಉತಾರ, ಮೈಸೂರು ಸೀಮೆಯವರ ಪಹಣಿ. ಅದು ಒಡೆಯನ ಹೆಸರು ಹೇಳುತ್ತದೆಯೇ ಹೊರತು ಮನೆ ಕಟ್ಟಲು ಅನುಮತಿ ಕೊಡುವುದಿಲ್ಲ. ಎರಡನೆಯದು, ಜಾಗ ಯಾರ ಅಧಿಕಾರಕ್ಕೆ ಸೇರಿದೆಯೆಂದು ತಿಳಿಯುವುದು. ಕಲ್ಯಾಣ-ಡೊಂಬಿವಲಿ ಮಹಾನಗರಪಾಲಿಕೆ 1983ರಲ್ಲಿ ಆದಾಗ ಸೇರಿದ್ದ 27 ಗ್ರಾಮಗಳು 2002ರಲ್ಲಿ ಹೊರಹೋಗಿ 2015ರಲ್ಲಿ ಮತ್ತೆ ಒಳಬಂದವು; ಇಂಥ ಕಡೆ ಯಾವ ವರ್ಷ ಯಾರು ಪರವಾನಗಿ ಕೊಟ್ಟರೆಂಬುದು ಮುಖ್ಯ. ಮೂರನೆಯದು, ನಗರ ರಚನಾ ವಿಭಾಗದಿಂದ ಸರ್ವೆ ನಂಬರಿನ ವಲಯ ದಾಖಲೆ ಪಡೆಯುವುದು. ಹಸಿರು ವಲಯವೋ, ರಸ್ತೆಗೆ ಕಾದಿರಿಸಿದ್ದೋ ಅಲ್ಲಿ ಗೊತ್ತಾಗುತ್ತದೆ. ನಾಲ್ಕನೆಯದು, ದಲ್ಲಾಳಿ ತೋರಿಸುವ ಪರವಾನಗಿಯ ಪ್ರತಿಯನ್ನು, ಅದರ ನಂಬರು ಹಿಡಿದು, ಕೊಟ್ಟ ಕಚೇರಿಯಲ್ಲೇ ತಾಳೆ ನೋಡುವುದು. ರಿಜಿಸ್ಟ್ರಿ ಆಗಿದೆ, ಬ್ಯಾಂಕು ಸಾಲ ಕೊಟ್ಟಿದೆ ಎಂಬುದು ಇದಕ್ಕೆ ಬದಲಲ್ಲ.

ಇದಕ್ಕೆ ಒಂದೆರಡು ದಿನದ ರಜೆ ಬೇಕಾದೀತು. ಮನೆ ಕಟ್ಟಿ ನೋಡು ಎಂದ ಹಿರಿಯರು ಕಷ್ಟವನ್ನು ತಿಳಿದೇ ಹೇಳಿದರು. ಇಪ್ಪತ್ತು ವರ್ಷದ ಉಳಿತಾಯದ ಮುಂದೆ ಎರಡು ದಿನದ ರಜೆ ದೊಡ್ಡದಲ್ಲ. ಮರಾಠಿ ಕಾಗದಪತ್ರ ಓದಲು ತೊಡಕಾದವರು ಅದನ್ನು ವಾಚನಾಲಯಕ್ಕೆ ತರಲಿ. ಓದಬಲ್ಲವರು ನಮ್ಮಲ್ಲಿ ಇದ್ದೇ ಇದ್ದಾರೆ.