ಕೌಸ್ ಕೋಟೆ: ಹಾಯಿದೋಣಿಗಳ ದರ್ಬಾರು

ಇಂಗ್ಲೆಂಡಿನ ದಕ್ಷಿಣ ಕರಾವಳಿಗೆ ಎದುರಾಗಿರುವ ಐಲ್ ಆಫ್ ವೈಟ್ ದ್ವೀಪದ ಉತ್ತರ ತುದಿಯಲ್ಲಿ ಕೌಸ್ ಎಂಬ ಪುಟ್ಟ ಊರಿದೆ. ಅಲ್ಲಿ ನೀರಿನ ಅಂಚಿಗೇ ನಿಂತಿರುವ ಹಳೆಯ ಕೋಟೆ ಹಾಯಿನೌಕೆ (ಯಾಟ್) ಒಡೆಯರ ಕ್ಲಬ್ಬಾದ ರಾಯಲ್ ಯಾಟ್ ಸ್ಕ್ವಾಡ್ರನ್‌ನ ನೆಲೆ. ಇದಕ್ಕಿಂತ ಹಳೆಯ ಯಾಟ್ ಕ್ಲಬ್‌ಗಳಿವೆ, ಇದಕ್ಕಿಂತ ಥಳುಕಿನವೂ ಇವೆ. ಗತ್ತಿನಲ್ಲಿ ಮಾತ್ರ ಇದನ್ನು ಸರಿಗಟ್ಟುವುದು ಕಷ್ಟ.

ಕ್ಲಬ್ ಹುಟ್ಟಿದ್ದು ಕಡಲ ದಡದಲ್ಲಲ್ಲ, ಲಂಡನ್ನಿನ ಸೇಂಟ್ ಜೇಮ್ಸ್ ಬೀದಿಯ ಥ್ಯಾಚ್ಡ್ ಹೌಸ್ ಎಂಬ ಪಾನಗೃಹದಲ್ಲಿ. 1815ರ ಜೂನ್ 1ರಂದು 42 ಮಂದಿ ಸಿರಿವಂತರು ಅಲ್ಲಿ ಸೇರಿ ‘ದಿ ಯಾಟ್ ಕ್ಲಬ್’ ಕಟ್ಟಿಕೊಂಡರು. ಕನಿಷ್ಠ 10 ಟನ್ನಿನ ಹಡಗಿನ ಒಡೆಯನಾಗಿರಬೇಕೆಂಬುದು ಸೇರುವವರಿಗೆ ಹಾಕಿದ ಷರತ್ತು. ಎರಡೇ ವರ್ಷದಲ್ಲಿ ಯುವರಾಜನೂ ಸದಸ್ಯನಾದ; 1820ರಲ್ಲಿ ಅವನು ನಾಲ್ಕನೆಯ ಜಾರ್ಜ್ ಆಗಿ ಪಟ್ಟಕ್ಕೇರಿದ ಮೇಲೆ ಕ್ಲಬ್ಬಿನ ಹೆಸರಿಗೆ ‘ರಾಯಲ್’ ಸೇರಿತು. ಈಗಿನ ಹೆಸರು 1833ರಲ್ಲಿ ನಾಲ್ಕನೆಯ ವಿಲಿಯಂ ಕೊಟ್ಟದ್ದು. 1829ರಲ್ಲಿ ನೌಕಾಡಳಿತ ಇನ್ನೂ ದೊಡ್ಡ ಮರ್ಯಾದೆ ನೀಡಿತ್ತು: ಸದಸ್ಯರ ಹಡಗುಗಳು ಬ್ರಿಟಿಷ್ ನೌಕಾಪಡೆಯ ಬಿಳಿ ಧ್ವಜವನ್ನೇ ಹಾರಿಸಬಹುದು. ಇಂದಿಗೂ ಬೇರಾವ ಕ್ಲಬ್ಬಿಗೂ ಈ ಹಕ್ಕಿಲ್ಲ.

ಕೋಟೆಯನ್ನು 1539ರಲ್ಲಿ ಎಂಟನೆಯ ಹೆನ್ರಿ ಕಟ್ಟಿಸಿದ್ದು ಫ್ರೆಂಚರ ದಾಳಿಗೆ ಅಂಜಿ. 19ನೇ ಶತಮಾನದ ನಡುವೆ ಅದು ಸ್ಕ್ವಾಡ್ರನ್ನಿನ ಮನೆಯಾಯಿತು. ಅದರ ಮುಂದಿನ ದಿಬ್ಬದ ಮೇಲೆ 22 ಸಣ್ಣ ಹಿತ್ತಾಳೆ ಫಿರಂಗಿಗಳು ಸಾಲಾಗಿ ಸಮುದ್ರದತ್ತ ಮುಖ ಮಾಡಿವೆ. ವಿಲಿಯಂ ದೊರೆಯ ‘ರಾಯಲ್ ಅಡಿಲೇಡ್’ ನೌಕೆಯಿಂದ ಬಂದ ಇವುಗಳ ಕೆಲಸ ಈಗ ಸ್ಪರ್ಧೆಗೆ ಚಾಲನೆ ಕೊಡುವುದಷ್ಟೇ. ಕೋಟೆಯಿಂದ ನೀರಿನ ಮೇಲೆ ಎಳೆದ ಕಾಲ್ಪನಿಕ ಗೆರೆಯನ್ನು ಫಿರಂಗಿ ಸಿಡಿಯುವ ಮೊದಲೇ ದಾಟಿದ ದೋಣಿ ಹಿಂದಿರುಗಿ ಮತ್ತೆ ಹೊರಡಬೇಕು.

ಎದುರಿನ ಸೋಲೆಂಟ್ ಜಲಸಂಧಿ ನೋಡಲು ಶಾಂತ, ಒಳಗೆ ಕಪಟಿ. ಉಬ್ಬರವಿಳಿತದ ಸೆಳೆತ ಬಲು ಜೋರು. ಗಾಳಿ ಬಿದ್ದುಹೋದರೆ ಮುಂದಿದ್ದ ದೋಣಿಯೂ ಹಿಂದಕ್ಕೆ ತೇಲುತ್ತದೆ. ಆಗ ಜಾಣರು ಲಂಗರು ಇಳಿಸಿ ಇದ್ದಲ್ಲೇ ನಿಲ್ಲುತ್ತಾರೆ. ಸೆಳೆತ ತಪ್ಪಿಸಿಕೊಳ್ಳಲು ದಡಕ್ಕೆ ತೀರ ಒತ್ತಿ ಸಾಗುವವರೂ ಉಂಟು, ಹಾಗೆ ಹೋಗಿ ನೆಲ ತಾಗಿಸಿಕೊಳ್ಳುವವರೂ ಉಂಟು. ಜಲಸಂಧಿಯ ನಡುವಿನ ಬ್ರಾಂಬಲ್ ಮರಳುದಿಣ್ಣೆ ಇಳಿತ ಅತಿ ಹೆಚ್ಚಿರುವ ದಿನಗಳಲ್ಲಿ ತುಸು ಹೊತ್ತು ಮೇಲೇಳುತ್ತದೆ. ವರ್ಷಕ್ಕೊಮ್ಮೆ ಅಂಥ ದಿನ ಅಲ್ಲಿನ ಬೇರೆರಡು ಕ್ಲಬ್ಬಿನವರು ಅದರ ಮೇಲೆ ಕ್ರಿಕೆಟ್ ಆಡುತ್ತಾರೆ. ಗೆಲುವು ಸರದಿಯ ಪ್ರಕಾರ, ರನ್ನಿನ ಪ್ರಕಾರವಲ್ಲ!

1826ರ ಆಗಸ್ಟಿನಲ್ಲಿ ಇಲ್ಲಿ ನಡೆದ ಹಾಯಿದೋಣಿ ಸ್ಪರ್ಧೆಯಿಂದ ‘ಕೌಸ್ ವೀಕ್’ ಎಂಬ ವಾರ್ಷಿಕ ಸ್ಪರ್ಧೋತ್ಸವ ಬೆಳೆಯಿತು. ಗುಡ್‌ವುಡ್ ಕುದುರೆ ಪಂದ್ಯ ಮುಗಿದು, ಆಗಸ್ಟ್ 12ಕ್ಕೆ ಹಕ್ಕಿಬೇಟೆ ಶುರುವಾಗುವ ನಡುವಿನ ಬಿಡುವು ಶ್ರೀಮಂತರ ಪಂಚಾಂಗದಲ್ಲಿ ಕೌಸ್‌ಗೆ ಮೀಸಲಾಯಿತು. ಏಳನೆಯ ಎಡ್ವರ್ಡ್ ಯುವರಾಜನಾಗಿದ್ದಾಗ 1893ರಲ್ಲಿ ‘ಬ್ರಿಟಾನಿಯಾ’ ನೌಕೆ ಕಟ್ಟಿಸಿದ. ಅವನ ಸೋದರಳಿಯ, ಜರ್ಮನಿಯ ಚಕ್ರವರ್ತಿ ಎರಡನೆಯ ವಿಲ್ಹೆಲ್ಮ್ ‘ಮೆಟಿಯೋರ್’ ತಂದು ಮಾವನಿಗೆ ಸಡ್ಡು ಹೊಡೆದ. ಎಡ್ವರ್ಡನ ಮಗ ಐದನೆಯ ಜಾರ್ಜ್‌ಗೂ ಬ್ರಿಟಾನಿಯಾ ಪ್ರಾಣ. ಅವನು ತೀರಿಕೊಂಡ 1936ರಲ್ಲೇ, ಅವನ ಇಚ್ಛೆಯಂತೆ, ಅದನ್ನು ದ್ವೀಪದ ಬಳಿ ಕಡಲಲ್ಲಿ ಮುಳುಗಿಸಲಾಯಿತು.

ಕ್ಲಬ್ಬನ್ನು ಜಗತ್ಪ್ರಸಿದ್ಧ ಮಾಡಿದ್ದು ಮಾತ್ರ ಒಂದು ಸೋಲು. 1851ರ ಆಗಸ್ಟ್ 22ರಂದು ದ್ವೀಪವನ್ನು ಸುತ್ತುವ ಸ್ಪರ್ಧೆಗೆ ಸ್ಕ್ವಾಡ್ರನ್ 100 ಪೌಂಡಿನ ಬೆಳ್ಳಿ ಹೂಜಿಯನ್ನು ಪಣವಿಟ್ಟಿತು. ನ್ಯೂಯಾರ್ಕಿನಿಂದ ಅಟ್ಲಾಂಟಿಕ್ ದಾಟಿ ಬಂದಿದ್ದ ‘ಅಮೆರಿಕಾ’ ಎಂಬ ಸ್ಕೂನರ್ ಹಾಯಿಹಡಗು ಎಲ್ಲರನ್ನೂ ಹಿಂದಿಕ್ಕಿತು. ಬ್ರಿಟಿಷರ ನಾರುಬಟ್ಟೆಯ ಹಾಯಿ ಜೋಲು ಬೀಳುತ್ತಿತ್ತು. ಅಮೆರಿಕನ್ನರ ಹತ್ತಿಯ ಹಾಯಿ ಬಿಗಿಯಾಗಿ ಚಪ್ಪಟೆ ನಿಲ್ಲುತ್ತಿತ್ತು. ಗೆದ್ದ ಹೂಜಿ ನ್ಯೂಯಾರ್ಕ್ ಯಾಟ್ ಕ್ಲಬ್ ಸೇರಿ ‘ಅಮೆರಿಕಾಸ್ ಕಪ್’ ಆಯಿತು. ಅದನ್ನು ಆ ಕ್ಲಬ್ಬಿನಿಂದ ಕಸಿದುಕೊಳ್ಳಲು 1983ರಲ್ಲಿ ‘ಆಸ್ಟ್ರೇಲಿಯಾ–2’ ಬರಬೇಕಾಯಿತು.

ಆ ಕಪ್ಪಿಗಾಗಿ ಅತಿ ಹೆಚ್ಚು ಹಂಬಲಿಸಿದವರು ಚಹಾ ಪೊಟ್ಟಣಗಳಿಂದ ನಮ್ಮವರಿಗೂ ಪರಿಚಿತರಾದ ಸರ್ ಥಾಮಸ್ ಲಿಪ್ಟನ್. ಗ್ಲಾಸ್ಗೋದ ಬಡ ಐರಿಷ್ ಮನೆಯ ಮಗನಾದ ಅವರು 1899ರಿಂದ 1930ರವರೆಗೆ ಐದು ಬಾರಿ ‘ಶ್ಯಾಮ್‌ರಾಕ್’ ಹೆಸರಿನ ನೌಕೆಗಳೊಂದಿಗೆ ಹೋಗಿ ಐದು ಬಾರಿಯೂ ಸೋತರು. ಎಡ್ವರ್ಡ್ ದೊರೆಯ ಸ್ನೇಹವಿದ್ದರೂ ಕಿರಾಣಿ ವ್ಯಾಪಾರಿ ಎಂಬ ಕಾರಣಕ್ಕೆ ಸ್ಕ್ವಾಡ್ರನ್ ಬಾಗಿಲು ತೆರೆಯಲಿಲ್ಲ. ಸದಸ್ಯತ್ವ ಸಿಕ್ಕಿದ್ದು 1931ರಲ್ಲಿ ಸಾಯುವ ತುಸು ಮೊದಲು. ಸದಸ್ಯರಾಗಬಯಸಿದವರನ್ನು ಗುಪ್ತಮತದ ಕರಿಗುಂಡು ಹಾಕಿ ತಡೆಯುವ ಪದ್ಧತಿಯ ಹಿಂದಿದ್ದ ಸಣ್ಣತನಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಮಹಿಳೆಯರಿಗೆ ಪೂರ್ಣ ಸದಸ್ಯತ್ವ ಕೊಡಲು ಕ್ಲಬ್ ಒಪ್ಪಿದ್ದು 2013ರಲ್ಲಿ.

ಇಂದು ಕೋಟ್ಯಧಿಪತಿಗಳ ಬೃಹತ್ ನೌಕೆಗಳ ಜಾತ್ರೆ ಮೊನಾಕೊ, ಸಾರ್ಡಿನಿಯಾದ ಪೋರ್ಟೊ ಚೆರ್ವೊಗಳಲ್ಲಿ ಸೇರುತ್ತದೆ. ಆದರೂ ಯಾಟ್ ಕ್ಲಬ್ ಹೇಗಿರಬೇಕೆಂಬ ಮಾದರಿ ಕೌಸ್‌ನದೇ. 2024ರಲ್ಲಿ ಬಾರ್ಸಿಲೋನಾದಲ್ಲಿ ಸ್ಕ್ವಾಡ್ರನ್ ಪರವಾಗಿ ‘ಇನಿಯೋಸ್ ಬ್ರಿಟಾನಿಯಾ’ ಅಮೆರಿಕಾಸ್ ಕಪ್ಪಿನ ಅಂತಿಮ ಹಣಾಹಣಿ ತಲುಪಿ, ನ್ಯೂಜಿಲೆಂಡ್ ಎದುರು 7–2ರಲ್ಲಿ ಸೋತಿತು.

ಸೌತಾಂಪ್ಟನ್‌ನಿಂದ ವೇಗದ ದೋಣಿಯಲ್ಲಿ ಅರ್ಧ ಗಂಟೆಯೊಳಗೆ ಕೌಸ್ ತಲುಪಬಹುದು. ಕ್ಲಬ್ಬಿನ ಒಳಕ್ಕೆ ಸದಸ್ಯರು, ಅವರ ಅತಿಥಿಗಳಿಗಷ್ಟೇ ಪ್ರವೇಶ. ಆಗಸ್ಟ್ ಆರಂಭದಲ್ಲಿ ಹೋದವರಿಗೆ ಕೋಟೆಯ ಕೆಳಗಿನ ದಡದ ರಸ್ತೆಯೇ ಸಾಕು. ಸ್ಪರ್ಧೆ ಅಲ್ಲಿಂದ ಚೆನ್ನಾಗಿ ಕಾಣುತ್ತದೆ, ಟಿಕೆಟ್ಟೂ ಬೇಕಿಲ್ಲ.