ಹಿಮಸ್ಥಿತಿಯಲ್ಲಿ ಕಾಯ್ದಿಟ್ಟ ಸಂತಾನಶಕ್ತಿ

ಜೀವಕೋಶಕ್ಕೆ ಅತಿಶೈತ್ಯವು ಮಾರಕ. ಒಳಗಿನ ನೀರು ಹರಳುಗಟ್ಟಿ ಕೋಶದ ಪೊರೆಯನ್ನು ಸೀಳಿಬಿಡುತ್ತದೆ. ಗ್ಲಿಸರಾಲ್ ಬೆರೆಸಿದರೆ ಹುಂಜದ ವೀರ್ಯವು ಈ ಅಪಾಯದಿಂದ ಪಾರಾಗುವುದೆಂಬುದನ್ನು 1949ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಕಂಡುಕೊಂಡರು. ಅಂಡಾಶಯದ ಸಮಸ್ಯೆ ಇದಕ್ಕಿಂತ ಜಟಿಲವಾದುದು. ವೀರ್ಯಾಣುಗಳು ಬಿಡಿಬಿಡಿಯಾದವು, ಅಂಡಾಶಯವಾದರೋ ಹಲವು ಬಗೆಯ ಕೋಶಗಳು ಹೆಣೆದುಕೊಂಡ ಅಂಗ. 1960ರಲ್ಲಿ ಡೆಲ್ಫಿನ್ ಪ್ಯಾರಟ್ ಅವರ ಪ್ರಯೋಗದಲ್ಲಿ, ಘನೀಕರಿಸಿದ ಅಂಡಾಶಯವನ್ನು ಕಸಿಮಾಡಿಸಿಕೊಂಡ ಚುಂಡಿಲಿಗಳು ಮರಿಹಾಕಿದವು. ಆದರೆ ಚುಂಡಿಲಿಯ ಅಂಡಾಶಯ ಪುಟ್ಟದು, ಮೃದುವಾದುದು. ಕುರಿಯದು ನಾರಿನಿಂದ ಬಿಗಿದದ್ದು; ರಕ್ಷಕ ದ್ರವವು ಅದರೊಳಗೆ ಇಳಿಯುವುದೇ ಕಷ್ಟ.

ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ರೋಜರ್ ಗಾಸ್ಡೆನ್ ಮತ್ತು ಸಂಗಡಿಗರು ಕಂಡುಕೊಂಡ ಉಪಾಯ ಸರಳವಾದುದು. ಅಪಕ್ವ ಅಂಡಗಳು ಅಪಾರ ಸಂಖ್ಯೆಯಲ್ಲಿ ಅಡಗಿರುವ ಹೊರಪದರವನ್ನು ಮಾತ್ರ ತೆಳುವಾದ ಚೂರುಗಳಾಗಿ ಕೊಯ್ದು, ಮೈನಸ್ 196 ಡಿಗ್ರಿ ಸೆಲ್ಸಿಯಸ್ ಶೈತ್ಯದಲ್ಲಿ ಕಾಯ್ದಿಟ್ಟು, ಅಂಡಾಶಯಗಳನ್ನು ಕಳೆದುಕೊಂಡಿದ್ದ ಅದೇ ಕುರಿಗೆ ಮರಳಿ ಕಸಿಮಾಡಿದರು. ತನ್ನದೇ ಅಂಗವಾದುದರಿಂದ ದೇಹವು ಅದನ್ನು ತಿರಸ್ಕರಿಸಲಿಲ್ಲ. ಬಂಜೆಯಾಗಿ ಉಳಿಯಬೇಕಾಗಿದ್ದ ಕುರಿ ಮರಿಹಾಕಿದ ವಾರ್ತೆ 1994ರಲ್ಲಿ ಪ್ರಕಟವಾಯಿತು.

ಅಚ್ಚರಿಯ ಸಂಗತಿಯೆಂದರೆ, ಅಂಡಗಳು ಹೆಚ್ಚಾಗಿ ನಾಶವಾಗುವುದು ಹಿಮಸ್ಥಿತಿಯಲ್ಲಲ್ಲ. ಕಸಿಯಾದ ಚೂರಿಗೆ ಹೊಸ ರಕ್ತನಾಳಗಳು ಬಂದು ಕೂಡುವ ಮುಂಚಿನ ಕೆಲವು ದಿನಗಳಲ್ಲಿ, ಪ್ರಾಣವಾಯು ದೊರೆಯದೆ. ಇಂಥ ಕುರಿಗಳಲ್ಲಿ ಋತುಚಕ್ರವು ಸುಮಾರು ಎರಡು ವರ್ಷ ನಡೆದುದನ್ನು 1999ರ ವರದಿಯೊಂದು ತಿಳಿಸಿತು. ಅಷ್ಟರಲ್ಲಿ ಅಂಡಗಳ ಸಂಗ್ರಹ ಬಹಳವಾಗಿ ಕುಗ್ಗಿತ್ತು.