ಹಳೆಯ ಬಳ್ಳಿ, ಹೊಸ ಕಡ್ಡಿ

ರಾಗಿ ಕೊಯ್ಲಿಗೆ ಮೊದಲು ನಮ್ಮಜ್ಜಿ ಹೊಲವೆಲ್ಲ ಅಡ್ಡಾಡಿ, ತುಂಬಿದ ತೆನೆಗಳನ್ನಷ್ಟೇ ಆರಿಸಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ಅದೇ ಮುಂದಿನ ವರ್ಷದ ಬಿತ್ತನೆ. ಇಟಲಿಯ ವೈನ್ ತಯಾರಕಿ ಎಲಿಸಬೆಟ್ಟಾ ಫೊರಾಡೋರಿ ದ್ರಾಕ್ಷಿಯಲ್ಲಿ ಮಾಡಿದ್ದೂ ಇದನ್ನೇ ಎಂದು ತಿಳಿದಾಗ ನನಗೆ ಆ ಮಡಿಲು ನೆನಪಾಯಿತು.

ಆಲ್ಪ್ಸ್ ತಪ್ಪಲಿನ ಟ್ರೆಂಟಿನೊ ಸೀಮೆಯಲ್ಲಿ ಟೆರೊಲ್ಡೆಗೊ ಎಂಬ ಕಪ್ಪು ದ್ರಾಕ್ಷಿಯಿದೆ. ಆ ಮಣ್ಣಿನದೇ ತಳಿ. ತಂದೆಯಿಲ್ಲದ ಮನೆಯ ತೋಟಕ್ಕೆ ಎಲಿಸಬೆಟ್ಟಾ ಹೆಗಲು ಕೊಟ್ಟಿದ್ದು 1980ರ ದಶಕದ ನಡುವೆ, ಇಪ್ಪತ್ತರ ಆಸುಪಾಸಿನಲ್ಲಿ. ಆಗ ಹೆಚ್ಚು ಇಳುವರಿಗೆಂದೇ ಆರಿಸಿದ ಕೆಲವೇ ಗಿಡಗಳ ನಕಲುಗಳು ಎಲ್ಲೆಡೆ ಹಬ್ಬಿದ್ದವು. ಗೊನೆ ದೊಡ್ಡದು, ರುಚಿ ಮಾತ್ರ ನೀರು ನೀರು.

ಅವರು ಹಳೆಯ ಬಳ್ಳಿಗಳ ಬಳಿ ಹೋದರು. ಒತ್ತಾಗಿರದ ಗೊನೆ, ಸಣ್ಣ ಹಣ್ಣು, ಗಾಢ ರಸ ಇರುವ ಬಳ್ಳಿಗಳನ್ನು ಗುರುತಿಟ್ಟು, ಕಡ್ಡಿ ಕತ್ತರಿಸಿ, ಸಸಿ ಮಾಡಿ ನೆಟ್ಟರು. ಒಂದೇ ತಾಯಿಯ ಪಡಿಯಚ್ಚುಗಳಲ್ಲ, ಹಲವು ತಾಯಂದಿರ ಮಕ್ಕಳು. ತೋಟದಲ್ಲಿ ವೈವಿಧ್ಯ ಮರಳಿತು. ವೈನಿಗೆ ಹದ ಬಂತು.

2002ರಿಂದ ರಾಸಾಯನಿಕ ಬಿಟ್ಟು ಜೈವಿಕ ಬೇಸಾಯಕ್ಕೆ ಹೊರಳಿದರು. ಸ್ಪೇನ್‌ನಿಂದ ತಂದ ಮಣ್ಣಿನ ಗುಡಾಣಗಳಲ್ಲಿ ಅವರ ಕೆಲವು ವೈನುಗಳ ರಸ ಸಿಪ್ಪೆಯ ಜೊತೆಗೇ ತಿಂಗಳುಗಟ್ಟಲೆ ಮಾಗುತ್ತದೆ.

ಗಿಡದ ಮುಂದೆ ನಿಂತು ನೋಡುವ ಕಣ್ಣಿದ್ದರೆ ತಳಿ ಉಳಿಯುತ್ತದೆ. ನಮ್ಮಜ್ಜಿಗೂ ಆ ಕಣ್ಣಿತ್ತು.